ಆಯುಧಪೂಜೆಗೆ ಇಟ್ಟ ಹರಳು

ಕಣ್ಣಿಗೆ ಕಾಣದ್ದನ್ನು ನಂಬುವುದರಲ್ಲಿ ನಾನು ಯಾರಿಗೂ ಕಡಿಮೆಯಿಲ್ಲ. ದೇವರನ್ನು ನಂಬುತ್ತೇನೆ, ದೈವವನ್ನು ನಂಬುತ್ತೇನೆ, ಪಕ್ಕದ ಮನೆಯವರ ದೃಷ್ಟಿ ತಾಗುವುದನ್ನೂ ನಂಬುತ್ತೇನೆ. ಹೆಂಡತಿ ಒಂದು ಹರಳಿನ ಮೇಲೆ ಬೆಳೆಸಿದ ಪದರವನ್ನು ಮಾತ್ರ ನಂಬಲಾಗಲಿಲ್ಲ. ಅದಕ್ಕಾಗಿ ಪಡುತ್ತಿರುವ ಸಂಕಟವನ್ನು ನಿಮ್ಮ ಹತ್ತಿರವೇ ಹೇಳಿಕೊಳ್ಳಬೇಕು. ಮನೆಯಲ್ಲಿ ಆ ವಿಷಯ ಎತ್ತುವ ಹಾಗಿಲ್ಲ.

ನನಗೆ ಪುತ್ತೂರಿನಲ್ಲಿ ಪಂಪ್‌ಸೆಟ್ಟಿನ ಬಿಡಿಭಾಗಗಳ ಅಂಗಡಿ. ಹೆಂಡತಿ ಪ್ರಮೀಳಾ ಸುಳ್ಯದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಾಳೆ. ಪಾಠ ಮುಗಿದ ಮೇಲೆ ಪಿಎಚ್.ಡಿ. ಕೆಲಸ. ಮೆಗ್ನೀಸಿಯಂ ಆಕ್ಸೈಡಿನ ನುಣುಪಾದ ಹರಳನ್ನು ಗಾಳಿ ತೆಗೆದ ಪಾತ್ರೆಯೊಳಗೆ ಕಾಯಿಸಿ, ಅದರ ಮೇಲೆ ನಿಕಲ್ ಆಕ್ಸೈಡಿನ ತೆಳು ಪದರ ಬೆಳೆಸುವುದು. ಕೆಳಗಿನ ಪರಮಾಣುಗಳು ಹೇಗೆ ಸಾಲಾಗಿ ಕುಳಿತಿವೆಯೋ ಮೇಲಿನವೂ ಹಾಗೆಯೇ ಕೂರಬೇಕಂತೆ. ನಮ್ಮೂರ ಊಟದ ಪಂಕ್ತಿಯಲ್ಲೇ ಅದು ಸಾಧ್ಯವಾಗಿಲ್ಲ ಎಂದು ನಾನು ತಮಾಷೆ ಮಾಡುತ್ತಿದ್ದೆ. ಪದರಗಳು ಒಂದರ ಹಿಂದೆ ಒಂದು ಕೆಟ್ಟು ಅವಳು ಊಟ ಬಿಟ್ಟದ್ದೂ ಉಂಟು. ಕೊನೆಗೊಂದು ಸರಿಯಾಗಿ ಬಂದಂತೆ ಕಂಡಿತು. ನಿಜಕ್ಕೂ ಸರಿಯೇ ಎಂದು ಎಕ್ಸ್-ರೇ ಹಾಯಿಸಿ ನೋಡಬೇಕು. ಆ ಯಂತ್ರ ಇರುವುದು ಮಂಗಳೂರಿನಲ್ಲಿ. ಬಹಳ ಕಾದ ಮೇಲೆ, ನವರಾತ್ರಿ ಮುಗಿದ ಕೂಡಲೇ ಅವಳ ಸರದಿ ಬರುವುದಿತ್ತು. ಮನೆಯಿಂದಲೇ ಹೋಗುವುದು ಸುಲಭವೆಂದು ಹರಳನ್ನು ಪುಟ್ಟ ಡಬ್ಬಿಯಲ್ಲಿ ತಂದಳು. ನಾನು ಬೆಳಕಿಗೆ ಹಿಡಿದು ನೋಡಿದೆ.

"ಎಂತ ಉಂಟು ಮಾರಾಯ್ತಿ ಇದರಲ್ಲಿ? ಗಾಜಿನ ಚೂರಿನ ಹಾಗೆ ಉಂಟಲ್ಲ!"

"ಕಾಣುದಿಲ್ಲ. ಆದರೆ ಉಂಟು," ಎಂದಳು.

ಆಯುಧಪೂಜೆಯ ಬೆಳಿಗ್ಗೆ ಅವಳು ಸ್ನಾನಕ್ಕೆ ಹೋಗಿದ್ದಳು. ನಾನು ಸ್ಪ್ಯಾನರು, ಸ್ಕ್ರೂಡ್ರೈವರು, ಕತ್ತಿ ಎಲ್ಲ ತೊಳೆದು ದೇವರ ಮುಂದೆ ಜೋಡಿಸಿದೆ. ಎಲ್ಲವೂ ನನ್ನದೇ. ಮನೆಯಲ್ಲಿ ಇಷ್ಟು ಓದಿದವಳಿದ್ದೂ ಅವಳದೊಂದು ವಸ್ತು ಇಲ್ಲವಲ್ಲ ಎನ್ನಿಸಿ ಹೆಮ್ಮೆಯೂ ಪ್ರೀತಿಯೂ ಒಟ್ಟಿಗೆ ಉಕ್ಕಿತು. ಡಬ್ಬಿ ತೆರೆದು, ಹರಳನ್ನು ಬಾಳೆಲೆಯ ತುಂಡಿನ ಮೇಲಿಟ್ಟು, ಗಂಧ ಹಚ್ಚಿ ಕುಂಕುಮದ ಬೊಟ್ಟು ಇಟ್ಟೆ. ಗಂಧ ತುಸು ನೀರಾಗಿತ್ತು.

ಆರತಿ ತಟ್ಟೆ ಹಿಡಿದು ಬಂದ ಪ್ರಮೀಳಾ ನಿಂತೇಬಿಟ್ಟಳು.

"ಒರೆಸಿದರೆ ಹೋಗುದಿಲ್ವಾ?" ಎಂದೆ.

"ಆ ಹರಳಿಗೆ ನೀರು ತಾಗ್ಲಿಕ್ಕಿಲ್ಲ. ಒರೆಸಿದರೆ ಗೀರು ಬೀಳ್ತದೆ. ನನ್ನತ್ರ ಒಂದು ಮಾತು ಕೇಳ್ಬಹುದಿತ್ತಲ್ಲ ನೀವು."

ಬೈಯಲಿಲ್ಲ. ಆರತಿ ಎತ್ತಿದಳು, ಪಾಯಸ ಬಡಿಸಿದಳು, ಆಮೇಲೆ ಮಂಗಳೂರಿಗೆ ಫೋನ್ ಮಾಡಿ ತನ್ನ ಸರದಿಯನ್ನು ಬೇರೆಯವರಿಗೆ ಬಿಟ್ಟುಕೊಟ್ಟಳು. ಬೈದಿದ್ದರೆ ನಾನೂ ಎರಡು ಮಾತಾಡಿ ಹಗುರಾಗುತ್ತಿದ್ದೆ. ಹಾಳಾದ ಮೇಲೆ ನನಗೆ ಆ ಪದರದ ಮೇಲೆ ಪೂರ್ತಿ ನಂಬಿಕೆ ಬಂದಿತ್ತು.

ಅವಳು ಮತ್ತೆ ಬೆಳೆಸಿದಳು. ಅಷ್ಟು ಚೆನ್ನಾಗಿ ಬರಲಿಲ್ಲವಂತೆ. ನನಗೆ ಯಾವುದನ್ನೂ ತೋರಿಸಲಿಲ್ಲ. ಈ ವರ್ಷ ಆಯುಧಪೂಜೆಗೆ ಸ್ಪ್ಯಾನರುಗಳನ್ನು ಜೋಡಿಸಿ, ಮೆಲ್ಲನೆ ಕೇಳಿದೆ: "ನಿನ್ನದು ಎಂತಾದರೂ ಇಡುದಾ?"

ಒಂದು ಕ್ಷಣ ಯೋಚಿಸಿ, ಚೀಲ ಹುಡುಕಿ, ಒಂದು ಪೆನ್ನು ಕೊಟ್ಟಳು. ಅಂತೂ ಕ್ಷಮಿಸಿದಳು ಎಂದು ನನ್ನ ಕಣ್ಣು ತುಂಬಿತು. ಸ್ಪ್ಯಾನರುಗಳನ್ನು ಆಚೆ ಸರಿಸಿ ಅದನ್ನು ನಡುವಿನಲ್ಲಿಟ್ಟು, ಗಟ್ಟಿಯಾಗಿ ತೇದ ಗಂಧವನ್ನು ಜೋಪಾನವಾಗಿ ಹಚ್ಚಿ, ಕೈಮುಗಿದೆ. ಮರುದಿನ ಏನೋ ಬರೆಯಲೆಂದು ಅದನ್ನೇ ಕೈಗೆತ್ತಿಕೊಂಡೆ. ಎಷ್ಟು ಗೀಚಿದರೂ ಅಕ್ಷರ ಮೂಡಲಿಲ್ಲ. ಬಿಚ್ಚಿ ನೋಡಿದರೆ, ಒಳಗೆ ರೀಫಿಲ್ಲೇ ಇರಲಿಲ್ಲ.