ವಾಡಿ ಜಂಕ್ಷನ್ನಿನಲ್ಲಿ ನಾನು ಹಿಡಿದ ನಾಲ್ಕು ಸೀಟು

ಸೇಡಮ್ಮಿನಲ್ಲಿ ಗಣಿತದ ಮಾಸ್ತರನಾಗಿದ್ದಾಗ ನನಗೊಂದು ಘನವಾದ ಉದ್ದೇಶ ಹೊಳೆಯಿತು. ನಮ್ಮೂರ ಹುಡುಗ ಹುಡುಗಿಯರು ಪರೀಕ್ಷೆ ಪಾಸು ಮಾಡುತ್ತಾರೆ. ಆದರೆ ಸಾಹೇಬರ ಮುಂದೆ ಬಾಯಿ ಬಿಡಲಾರರು, ಒಬ್ಬರೇ ರೈಲು ಹತ್ತಲಾರರು. ಇವರಿಗೆ ಬದುಕಿನ ಪಾಠ ಹೇಳುವವರು ಯಾರು? ನಾನೇ! ಪ್ರತಿ ಭಾನುವಾರ ನಮ್ಮ ಮನೆಯ ಕಟ್ಟೆಯ ಮೇಲೆ ಪಾಠ ಶುರುವಾಯಿತು.

ಅರ್ಜಿ ಬರೆಯುವುದು, ನೆಟ್ಟಗೆ ನಿಂತು ಮಾತಾಡುವುದು, ರೈಲಿನಲ್ಲಿ ಸೀಟು ಹಿಡಿಯುವುದು, ಎಲ್ಲವನ್ನೂ ಬೋಧಿಸಿದೆ. ನನ್ನ ಮೊದಲ ಸೂತ್ರವೆಂದರೆ, ದಾರಿಯಲ್ಲಿ ಯಾರನ್ನೂ ಏನೂ ಕೇಳಬಾರದು, ಬೋರ್ಡು ಓದಬೇಕು. ಕೇಳಿದವನು ದಡ್ಡನೆಂದು ಜಗತ್ತು ತಿಳಿಯುತ್ತದೆ.

ಪಾಠಕ್ಕೆ ಬರುತ್ತಿದ್ದ ಖಾಜಾಬಿ, ನೀಲಮ್ಮ, ಶಾಂತಾ ಮೂವರಿಗೂ ಶಿಕ್ಷಕಿಯರ ತರಬೇತಿಗೆ ಕಲಬುರಗಿಯಿಂದ ಸಂದರ್ಶನದ ಕರೆ ಬಂತು. ಖಾಜಾಬಿಯ ಅಪ್ಪ ಮೌಲಾಸಾಬ ಟೇಲರ್. ಹೊರಡುವ ಹಿಂದಿನ ದಿನ ಸಂಜೆ ನನ್ನ ಕೈ ಹಿಡಿದುಕೊಂಡ.

"ನೀವು ಸಂಗಟ ಹೊಂಟೀರಿ ಅಂತ ಕಳಸಾಕತ್ತೀನ್ರಿ, ಮಾಸ್ತರ್. ಏನರ ಹೆಚ್ಚುಕಮ್ಮಿ ಆತಂದ್ರ ನಮ್ಮ ಗಲ್ಲಿಯಾಗ ಇನ್ನೊಬ್ಬ ಹುಡುಗಿ ಹೊಸ್ತಿಲಾ ದಾಟೂದಿಲ್ಲ ನೋಡ್ರಿ."

"ಚಿಂತಿ ಮಾಡಬ್ಯಾಡ. ನಾ ಅದೀನಲ್ಲ!" ಎಂದೆ. ತೊಂದರೆ ಇದ್ದದ್ದೂ ಅಲ್ಲಿಯೇ.

ಬೆಳಿಗ್ಗೆ ಮೂವರ ಮಾರ್ಕ್ಸ್ ಕಾರ್ಡು, ಸರ್ಟಿಫಿಕೇಟು ಎಲ್ಲವನ್ನೂ ಇಸಿದುಕೊಂಡು ನನ್ನ ಚೀಲಕ್ಕೆ ಹಾಕಿಕೊಂಡೆ. ನನ್ನ ಹೆಂಡತಿ ಶರಣಮ್ಮ ರೊಟ್ಟಿಯ ಗಂಟು ಕೊಡುತ್ತಾ ಮೆಲ್ಲಗೆ ಹೇಳಿದಳು.

"ಅವರ ಕಾಗದ ಅವರ ಕೈಯಾಗೇ ಇರ್ಲಿ ಬಿಡ್ರಿ."

"ಹುಡುಗಿಯರು ಎಲ್ಲ್ಯಾರ ಮರತು ಬಿಟ್ಟಾರ!" ಎಂದು ಗದರಿದೆ.

ವಾಡಿಯಲ್ಲಿ ಗಾಡಿ ಬದಲಿಸಬೇಕಿತ್ತು. ಹುಡುಗಿಯರನ್ನು ಒಂದು ಬೆಂಚಿನ ಮೇಲೆ ಕೂರಿಸಿ, ಸೀಟು ಹಿಡಿಯುವ ಕಲೆಯನ್ನು ಪ್ರತ್ಯಕ್ಷ ತೋರಿಸುವುದಾಗಿ ಘೋಷಿಸಿದೆ. ಅಷ್ಟರಲ್ಲಿ ಒಂದು ಗಾಡಿ ಬುಸುಗುಡುತ್ತಾ ಬಂತು. ಬೋರ್ಡು ಓದೋಣವೆಂದರೆ ಕನ್ನಡಕಕ್ಕೆ ಎಂಜಿನ್ನಿನ ಮಸಿ ಮೆತ್ತಿತ್ತು. ಕೇಳೋಣವೆಂದರೆ ಸೂತ್ರ ಅಡ್ಡ ಬಂತು. ಕಿಟಕಿಯೊಳಗೆ ಟವೆಲ್ ಎಸೆದೆ, ಜನರ ಕಂಕುಳ ಕೆಳಗೆ ನುಸುಳಿದೆ, ನಾಲ್ಕು ಜನರ ಬೆಂಚಿನ ಮೇಲೆ ಉದ್ದಕ್ಕೆ ಮಲಗಿಯೇ ಬಿಟ್ಟೆ!

ತೊಗರಿಯ ಚೀಲ ಹೊತ್ತ ಮುದುಕನೊಬ್ಬ ಬಂದು ನಿಂತ. "ಜರಾ ಸರೀರಿ."

"ಆಗೂದಿಲ್ಲ! ಇಲ್ಲಿ ಮೂರು ಹುಡುಗಿಯರ ಭವಿಷ್ಯ ಕುಂದ್ರೂದದ."

"ಭವಿಷ್ಯ ಬರೂತನಕ ನಾ ಕುಂದರ್ತೀನ್ರಿ."

ಇಡೀ ಡಬ್ಬಿ ನಕ್ಕಿತು. ನಾನು ಜಗ್ಗಲಿಲ್ಲ. ಕಿಟಕಿಯಿಂದ ನೋಡಿದರೆ ಹುಡುಗಿಯರು ಬೆಂಚು ಬಿಟ್ಟು ಎದುರಿನ ಪ್ಲಾಟ್‌ಫಾರ್ಮಿನಲ್ಲಿ ನಿಂತು ಎರಡೂ ಕೈ ಬೀಸುತ್ತಿದ್ದರು. ನನ್ನ ಸಾಹಸಕ್ಕೆ ಮೆಚ್ಚುಗೆ! ನಾನೂ ಬೀಸಿದೆ. ಅವರು ಇನ್ನೂ ಜೋರಾಗಿ ಬೀಸಿದರು. ನಾನೂ ಜೋರಾಗಿ ಬೀಸಿದೆ. ಗಾಡಿ ಹೊರಟಿತು.

ಮುದುಕ ನಿಧಾನವಾಗಿ ಕೇಳಿದ. "ಎಲ್ಲಿಗಿ ಹೊಂಟೀರಿ, ಮಾಸ್ತರ್?"

"ಕಲಬುರಗಿಗಿ."

"ಇದು ರಾಯಚೂರಿಗಿ ಹೊಂಟದಲ್ರೀ!"

ನಾನು ಧಡಕ್ಕನೆ ಎದ್ದು ನಿಂತೆ. ಮುದುಕ ಚೀಲ ಇಳಿಸಿ ನನ್ನ ಟವೆಲ್ಲಿನ ಮೇಲೆ ಕುಳಿತ. ಉಳಿದ ಸೀಟುಗಳೂ ತುಂಬಿದವು. ನಾನು ಬಾಗಿಲ ಹತ್ತಿರ ಹೋದೆ, ಕಾಗದಗಳಿದ್ದ ನನ್ನ ಚೀಲವನ್ನು ಎದೆಗೆ ಅವಚಿಕೊಂಡು. ನಾನು ರಾಯಚೂರಿಗಲ್ಲ, ಮದರಾಸಿಗೇ ಹೋದರೂ ಜಗತ್ತಿಗೆ ನಷ್ಟವಿರಲಿಲ್ಲ. ಆದರೆ ಆ ಮೂವರ ಹತ್ತು ವರ್ಷದ ಓದು ನನ್ನ ಚೀಲದಲ್ಲಿತ್ತು. ಕಾಗದವಿಲ್ಲದೆ ಅವರನ್ನು ಯಾರು ಒಳಗೆ ಬಿಡುತ್ತಾರೆ? ನಿಜವಾಗಿಯೂ ಅಳು ಬಂತು.

ನಾಲವಾರದಲ್ಲಿ ಇಳಿದೆ. ನಾಚಿಕೆ ಬಿಟ್ಟು ಸ್ಟೇಷನ್ ಮಾಸ್ತರನನ್ನು ಕೇಳಿದೆ, ಹಮಾಲನನ್ನು ಕೇಳಿದೆ, ಕಡಲೆ ಮಾರುವವಳನ್ನೂ ಕೇಳಿದೆ. ಮಧ್ಯಾಹ್ನದ ತನಕ ಗಾಡಿ ಇಲ್ಲವೆಂದು ಮೂವರೂ ಹೇಳಿದರು. ಅಂತೂ ಗಾಡಿ ಬಂತು. ಕಲಬುರಗಿಯಲ್ಲಿ ಇಳಿದು, ಟಾಂಗಾ ಹಿಡಿದು, ಸಂದರ್ಶನದ ಕಚೇರಿಗೆ ಓಡಿದಾಗ ನಾಲ್ಕು ಗಂಟೆ ಹೊಡೆದಿತ್ತು.

ಹುಡುಗಿಯರು ವರಾಂಡದಲ್ಲಿ ಸಮಾಧಾನವಾಗಿ ಕುಳಿತಿದ್ದರು.

"ಬಂದ್ರಲ್ಲ ಸರ್! ಕುಂದ್ರಿ, ನೀರು ಕುಡೀರಿ," ಎಂದಳು ಖಾಜಾಬಿ.

"ನೀವು ಹ್ಯಾಂಗ ಬಂದ್ರಿ?"

"ಹಮಾಲಗ ಕೇಳಿದ್ವಿರಿ."

ಹಮಾಲನನ್ನು ಕೇಳಿದ್ದರು! ಸಂದರ್ಶನದ ಸಾಹೇಬರನ್ನೂ ಕೇಳಿದ್ದರು: 'ಕಾಗದ ಸಂಜಿಯೊಳಗ ಬರ್ತಾವ, ಮೊದಲು ನಮ್ಮ ಮಾತು ಕೇಳ್ರಿ' ಎಂದು. ಮೂವರ ಸಂದರ್ಶನವೂ ಮುಗಿದಿತ್ತು. ನಾನು ಒಳಗೆ ಹೋಗಿ ಕಾಗದ ಒಪ್ಪಿಸಿದೆ. ಸಾಹೇಬರು ಎದ್ದು ನಿಂತರು.

"ಓಹೋ, ಆ ಮಾಸ್ತರ್ ನೀವೇ ಏನ್ರಿ! ಭಾಳ ಛಲೋ ಆತು ನಿಮ್ಮನ್ನ ನೋಡಿದ್ದು." ಮೂವರ ಹೆಸರಿನ ಮುಂದೂ ಅಲ್ಲೇ ಆಯ್ಕೆಯ ಗುರುತು ಹಾಕಿದರು.

ನನ್ನ ಕೀರ್ತಿ ಕಲಬುರಗಿಗೂ ಮುಟ್ಟಿದೆಯಲ್ಲ! ಕಾಲರ್ ಸರಿಮಾಡಿಕೊಂಡು ಹೊರಗೆ ಬಂದೆ. ಕಣ್ಣು ಒದ್ದೆಯಾಗಿತ್ತು, ಅದು ಮಾತ್ರ ಸಂತೋಷಕ್ಕೇ.

"ನಿನಗ ಏನು ಕೇಳಿದ್ರು, ಖಾಜಾಬಿ?"

"ಶಾಣ್ಯಾ ಅನಿಸ್ಕೊಂಡವರು ತಪ್ಪು ಮಾಡಿದ್ರ ಏನ ಮಾಡ್ತಿ ಅಂತ ಕೇಳಿದ್ರು. ಬೈಯೂದಿಲ್ಲರಿ, ತಾವೇ ತಿಳಕೊಂಡು ತಿರುಗಿ ಬರೂತನಕ ದಾರಿ ಕಾಯ್ತೀನಿ ಅಂದೆ."

"ಶಾಭಾಸ್! ಎಂಥಾ ಉತ್ತರ! ಮುಂದ?"

ಅವಳು ತಲೆ ತಗ್ಗಿಸಿದಳು. ಉಳಿದಿಬ್ಬರು ಸೆರಗು ಬಾಯಿಗೆ ಒತ್ತಿಕೊಂಡರು.

"ಉದಾಹರಣಿ ಕೊಡು ಅಂದ್ರು, ಸರ್."