ಅರ್ಧ ಡಬ್ಬಿ ದುಡ್ಡು, ಪೂರ್ತಿ ಸಮುದ್ರ

ನಮ್ಮ ಮನೆ ಮಂದಿಯೆಲ್ಲ ವ್ಯಾನ್ ಹತ್ತಿ ನಮ್ಮೂರಂಚಿನ ಹೂಟಗಳ್ಳಿ ದಾಟಿದೆವು ಅಂದರೆ ಏನಾದರೊಂದು ಆಗಿಯೇ ಆಗುತ್ತದೆ. ಆಗದಿದ್ದರೆ ಆಗುವ ಹಾಗೆ ನಾನು ಮಾಡುತ್ತೇನೆ ಅಂತ ನನ್ನ ಹೆಂಡತಿಯ ದೂರು. ನೀವೇ ಓದಿ ತೀರ್ಮಾನ ಮಾಡಿ.

೧. ಡಬ್ಬಿಯ ಕಾನೂನು

ಅಮ್ಮನಿಗೆ ಎಪ್ಪತ್ತೆರಡು. ಇನ್ನೂ ಸಮುದ್ರ ನೋಡಿರಲಿಲ್ಲ.

"ಟಿವೀಲಿ ನೋಡಿದ್ದೀಯಲ್ಲಮ್ಮ" ಅಂದೆ.

"ಟಿವೀಲಿ ಊಟಾನೂ ತೋರಿಸ್ತಾರೆ, ಹೊಟ್ಟೆ ತುಂಬ್ತದಾ? ನಾನು ಕಾಲು ನೆನೆಸ್ಬೇಕು ಕಣೋ."

ಸರಿ, ಹೊರಡುವುದೇ ಅಂತಾಯಿತು. ಹೆಂಡತಿ ಒಂದು ಬಿಸ್ಕತ್ ಡಬ್ಬಿಗೆ ದುಡ್ಡು ತುಂಬಿ ಕಂಕುಳಲ್ಲಿ ಇಟ್ಟುಕೊಂಡಳು. "ಇರೋದು ಇಷ್ಟೇ. ಡಬ್ಬಿ ಎಲ್ಲಿ ಅರ್ಧ ಆಗುತ್ತೋ ಅಲ್ಲೇ ಗಾಡಿ ವಾಪಸ್ ತಿರುಗಬೇಕು."

"ಸಮುದ್ರ ಎದುರಿಗೇ ಕಾಣ್ತಿದ್ರೆ?" ಅಂದಳು ಮಗಳು.

"ಟಾಟಾ ಮಾಡ್ಬುಟ್ಟು ತಿರುಗೋದು."

೨. ಇಂಜಿನ್ ಬಿಸಿ

ಹೋಟೆಲ್ ನಿಷಿದ್ಧ. ಪುಳಿಯೋಗರೆ, ಚಪಾತಿ, ಚಟ್ನಿಪುಡಿ ಎಲ್ಲ ವ್ಯಾನಿನಲ್ಲೇ. ಆದರೆ ನನಗೆ ಕಾಫಿ ಇಲ್ಲದೆ ಸ್ಟೇರಿಂಗ್ ತಿರುಗುವುದಿಲ್ಲ. ಹಾಗಾಗಿ ಒಳ್ಳೆ ಹೋಟೆಲ್ ಕಂಡಲ್ಲೆಲ್ಲ "ಇಂಜಿನ್ ಬಿಸಿಯಾಗಿದೆ" ಅಂತ ನಿಲ್ಲಿಸುವುದು, ಬಾನೆಟ್ ಎತ್ತುವುದು, ಅದರ ಮರೆಯಲ್ಲೇ ಜಾರಿಕೊಳ್ಳುವುದು. ಸ್ವಂತ ಜೇಬಿನ ದುಡ್ಡು, ಡಬ್ಬಿಯದಲ್ಲ. ಮೂರು ಸಲ ನಡೆಯಿತು. ನಾಲ್ಕನೇ ಸಲ ಹೆಂಡತಿ ಹತ್ತಿರ ಬಂದು ಮೂಸಿ ನೋಡಿದಳು.

"ಬಿಸಿಯಾಗಿರೋದು ಇಂಜಿನ್ನು. ನಿಮ್ಮ ಮೀಸೆ ಯಾಕ್ರೀ ಫಿಲ್ಟರ್ ಕಾಫಿ ವಾಸನೆ ಹೊಡೀತಿದೆ?"

ಜೇಬಿನಲ್ಲಿದ್ದದ್ದೂ ಡಬ್ಬಿಗೆ ಹೋಯಿತು. ಅಲ್ಲಿಂದ ಮುಂದೆ ಇಂಜಿನ್ ಒಂದು ಸಲವೂ ಬಿಸಿಯಾಗಲಿಲ್ಲ.

೩. ಪಂಕ್ಚರ್

ಹಾಸನ ದಾಟಿದ ಮೇಲೆ ಟೈರ್ ಹೋಯಿತು. ಪಂಕ್ಚರ್ ಅಂಗಡಿಯವನು ಹೇಳಿದ ರೇಟಿಗೆ ಹೆಂಡತಿ ಡಬ್ಬಿಯನ್ನು ಎದೆಗವುಚಿಕೊಂಡಳು. ಅಮ್ಮ ಮಾತ್ರ ಸುಮ್ಮನೆ ಪುಳಿಯೋಗರೆ ಡಬ್ಬ ತೆರೆದಳು. ಅವನು ಮೂಸಿದ, ತಿಂದ, ರೇಟು ಅರ್ಧಕ್ಕೆ ಇಳಿಸಿದ. ಆಮೇಲೆ ನಾಚಿಕೊಂಡು, "ಅಜ್ಜಿ, ಇನ್ನೊಂಚೂರು ಇದೆಯಾ?" ಅಂದ.

"ಇಲ್ದೆ ಏನಪ್ಪ? ಸ್ಟೆಪ್ನಿಗೂ ಗಾಳಿ ಹೊಡಿ, ಬಡಿಸ್ತೀನಿ."

ಅವನು ನಾಲ್ಕು ತಟ್ಟೆ ತಿಂದ. ಹೆಂಡತಿ ಎರಡೇ ಅನ್ನುತ್ತಾಳೆ, ನಂಬಬೇಡಿ. ಪುಳಿಯೋಗರೆ ಖಾಲಿಯಾಗಿದ್ದಂತೂ ನಿಜ.

೪. ಯಾರ ಕಡೆಯವರು?

ಮಧ್ಯಾಹ್ನದ ಹೊತ್ತಿಗೆ ಘಾಟಿ ಇಳಿದು ಒಂದು ದೇವಸ್ಥಾನ ಮುಟ್ಟಬೇಕು, ಪ್ರಸಾದದ ಊಟ ಮುಗಿಸಿ ಸಮುದ್ರಕ್ಕೆ ಹೋಗಬೇಕು. ಅದು ನನ್ನ ಲೆಕ್ಕಾಚಾರ. ಮುಟ್ಟಿದೆವು. ಪಕ್ಕದ ಹಜಾರದಲ್ಲಿ ಎಲೆ ಹಾಕಿದ್ದರು, ಸಾಲಾಗಿ ಕೂತೆವು. ಬಾಗಿಲಲ್ಲಿ ಪನ್ನೀರು ಚಿಮುಕಿಸಿದಾಗಲೇ ಇದು ಮದುವೆ ಮನೆ ಅಂತ ನನಗೆ ಗೊತ್ತಾಗಿತ್ತು. ಹೇಳಲಿಲ್ಲ. ಗೊತ್ತಾದಾಗ ಅಮ್ಮನ ಮುಖ ಹೇಗಾಗುತ್ತೆ ಅಂತ ನೋಡುವ ಆಸೆ.

ಎರಡನೇ ಹೋಳಿಗೆ ಬಡಿಸುತ್ತಾ ಒಬ್ಬರು ಕೇಳಿದರು: "ತಾವು ಹೆಣ್ಣಿನ ಕಡೆಯವರೋ, ಗಂಡಿನ ಕಡೆಯವರೋ?"

ಅಮ್ಮನ ಕೈ ಎಲೆಯ ಮೇಲೇ ನಿಂತಿತು. ಹೊರಗೆ ಬಂದದ್ದೇ ನನ್ನ ಕಿವಿ ಹಿಡಿದಳು. "ಮುಯ್ಯಿ ಓದಿಸದೆ ಯಾರ ಮದುವೇಲೂ ಉಂಡೋಳಲ್ಲ ನಾನು. ನಡಿ, ಹೆಸರು ಬರೆಸು, ದುಡ್ಡು ಕೊಡು."

"ಯಾರ ಕಡೆಗಮ್ಮ?"

"ಯಾರ ಅನ್ನ ಉಂಡ್ವೋ ಯಾರಿಗೆ ಗೊತ್ತು? ಎರಡೂ ಕಡೆಗೆ ಓದಿಸು."

ಓದಿಸಿದೆ. ಹೆಂಡತಿ ಡಬ್ಬಿ ತೆರೆದು ನೋಡಿ ಮುಚ್ಚಿದಳು. ಸರಿಯಾಗಿ ಅರ್ಧ. ಸಮುದ್ರ ಇನ್ನು ಒಂದು ಗಂಟೆಯ ದಾರಿ. ಅಮ್ಮ ತಾನಾಗಿಯೇ ವ್ಯಾನ್ ಹತ್ತಿ ಸಮುದ್ರದ ದಿಕ್ಕಿಗೆ ಬೆನ್ನು ಹಾಕಿ ಕೂತಳು. ಇಷ್ಟು ವರ್ಷದ ಕಿತಾಪತಿಯಲ್ಲಿ ಮೊದಲ ಸಲ ನನಗೆ ನಗು ಬರಲಿಲ್ಲ. ಕಾನೂನು ಕಾನೂನೇ, ಗಾಡಿ ತಿರುಗಿಸಿದೆ.

ಅಷ್ಟರಲ್ಲಿ ಹೆಣ್ಣಿನ ಅಪ್ಪ ಮುಯ್ಯಿ ಪುಸ್ತಕ ಹಿಡಿದು ಓಡಿ ಬಂದರು. "ಎಂತ ಮಾರಾಯ್ರೇ, ಎರಡೂ ಕಡೆಗೆ ಬರೆಸಿದ್ದೀರಿ! ಅಷ್ಟು ಹತ್ತಿರದವರು ಬೀಗರ ಊಟಕ್ಕೆ ಬಾರದೆ ಹೋಗುವುದುಂಟಾ? ನಿಮ್ಮ ಗಾಡಿ ಇಲ್ಲೇ ಇರಲಿ, ನಮ್ಮ ಮದುವೆ ಬಸ್ಸಿನಲ್ಲಿ ಜಾಗ ಉಂಟು. ನಾಳೆ ಇಲ್ಲಿಗೇ ತಂದು ಬಿಡ್ತಾರೆ. ನಮ್ಮ ಮನೆ ಸಮುದ್ರದ ದಂಡೆಯಲ್ಲೇ."

ಅವರ ಮಾತು ಮುಗಿಯುವಷ್ಟರಲ್ಲಿ ಅಮ್ಮ ಬಸ್ಸಿನ ಕಿಟಕಿ ಸೀಟಿನಲ್ಲಿದ್ದಳು.

೫. ಮುಯ್ಯಿಗೆ ಮುಯ್ಯಿ

ಸಂಜೆ ಅಮ್ಮ ಸೀರೆ ಎತ್ತಿ ಕಟ್ಟಿ ಮೊಣಕಾಲುದ್ದ ನೀರಿಗೆ ಇಳಿದಳು. ಒಂದು ಅಲೆ ಬಂದು ಕೂರಿಸಿಯೇ ಬಿಟ್ಟಿತು. ಕೂತಲ್ಲಿಂದಲೇ ಸೊಸೆಯನ್ನು ಕೇಳಿದಳು: "ಇಷ್ಟು ದೊಡ್ಡದಕ್ಕೂ ಟಿಕೆಟ್ ಇಲ್ವೇನೇ?"

ಆ ಖುಷಿಯಲ್ಲೇ ಹೆಣ್ಣಿನ ಅಪ್ಪನಿಗೆ ಡಬ್ಬಿಯ ಕಾನೂನಿನಿಂದ ಹಿಡಿದು ನಿಜವನ್ನೆಲ್ಲ ಹೇಳಿಬಿಟ್ಟಳು. ಅವರು ಹೊಟ್ಟೆ ಹಿಡಿದು ನಕ್ಕರು. "ಪುಸ್ತಕದಲ್ಲಿ ಹೆಸರು ಬಿದ್ದ ಮೇಲೆ ನೆಂಟರೇ. ಮುಯ್ಯಿ ತೀರಿಸದೆ ಬಿಡುವವನಲ್ಲ ನಾನು."

ಹೋದ ಭಾನುವಾರ ಸರಿಯಾಗಿ ಊಟದ ಹೊತ್ತಿಗೆ ನಮ್ಮ ಮನೆ ಮುಂದೆ ಒಂದು ಟೆಂಪೋ ನಿಂತಿತು. ಹದಿನಾರು ಜನ ಇಳಿದರು. ಎಲ್ಲರಿಗಿಂತ ಮುಂದೆ ಅವರೇ. "ಅರಮನೆ ನೋಡ್ಲಿಕ್ಕೆ ಬಂದದ್ದು ಮಾರಾಯ್ರೇ. ಊಟಕ್ಕೆ ಎಲ್ಲಿ ಹೋಗುವುದು ಅಂತ ಯೋಚನೆ ಮಾಡಿದೆವು..."

ಅವರ ಹೆಂಡತಿಯ ಕಂಕುಳಲ್ಲಿ ಒಂದು ಬಿಸ್ಕತ್ ಡಬ್ಬಿ.

ನನ್ನ ಹೆಂಡತಿ ಅದನ್ನೇ ನೋಡಿದಳು. "ಅರ್ಧ ಆಯ್ತಾ?"

"ಆಗ್ತಾ ಬಂತು" ಅಂದರು ಆಕೆ.

"ಬನ್ನಿ, ಬನ್ನಿ. ರೀ, ಎಲೆ ತನ್ನಿ."