ಹದಿಮೂರು ಪಟ್ಟಿಗಳ ಮೈದಾನ

ಮೈದಾನದ ಒಂದು ಪಟ್ಟಿಯನ್ನು ಪಕ್ಕದ ಮನೆಗೆ ಎರವಲು ಕೊಟ್ಟಿದ್ದೇ ಎಲ್ಡನ್ ಪೆನ್ನರ್ ಮಾಡಿದ ತಪ್ಪು.

ಕಾನ್ಸಾಸ್‌ನ ಹಾರ್ಲನ್‌ಬರ್ಗ್ ಊರಿನ ಒಳಾಂಗಣ ಕ್ರೀಡಾಂಗಣಕ್ಕೆ ಅವನೇ ಮೇಲ್ವಿಚಾರಕ. ಚಳಿಗಾಲವೆಲ್ಲ ಅಲ್ಲಿ ಐಸ್ ಹಾಕಿ ಆಟ. ವಸಂತ ಬಂತೆಂದರೆ ಅದೇ ನೆಲದ ಮೇಲೆ ಪ್ಲಾಸ್ಟಿಕ್ ಹುಲ್ಲಿನ ಹದಿನಾಲ್ಕು ಹಸಿರು ಪಟ್ಟಿಗಳನ್ನು ಹಾಸಿ, ಸುತ್ತ ಮೆತ್ತೆಯ ಗೋಡೆ ನಿಲ್ಲಿಸಿದರೆ ಚೆಂಡನ್ನು ಕೈಯಲ್ಲಿ ಹಿಡಿದು ಎದುರಾಳಿಯ ಗೆಲುವಿನ ಗೆರೆ ದಾಟುವ ಅಮೆರಿಕನ್ ಫುಟ್‌ಬಾಲಿನ ಮೈದಾನ ಸಿದ್ಧ. ಊರಿನ ತಂಡದ ಹೆಸರು ಮ್ಯೂಲ್ಸ್, ಅಂದರೆ ಹೇಸರಗತ್ತೆಗಳು. ಆ ಸೀಸನ್ನಿನಲ್ಲಿ ಆಡಿದ ಒಂಬತ್ತು ಪಂದ್ಯಗಳನ್ನೂ ಸೋತು ಹೆಸರು ಉಳಿಸಿಕೊಂಡಿದ್ದವು.

ಕೊನೆಯ ಪಂದ್ಯಕ್ಕೆ ಇನ್ನೂ ಒಂದು ವಾರವಿತ್ತು. ಅಷ್ಟರಲ್ಲಿ ಪಕ್ಕದ ಮನೆಯ ಗ್ಲೆಂಡಾ ಷ್ರಾಗ್ ಬಂದಳು. "ಎಲ್ಡನ್, ಮೊಮ್ಮಗಳು ಹೈಸ್ಕೂಲು ಮುಗಿಸಿದಾಳೆ. ಶನಿವಾರ ನಮ್ಮ ಗ್ಯಾರೇಜಲ್ಲೇ ಪಾರ್ಟಿ. ನೆಲ ನೋಡಿದ್ರೆ ಬರೀ ಆಯಿಲ್ ಕಲೆ. ನಿನ್ನ ಹಸಿರು ಹಾಸು ಒಂದೇ ಒಂದು ಪಟ್ಟಿ ಕೊಡಪ್ಪ, ಭಾನುವಾರ ವಾಪಸ್ಸು" ಎಂದಳು. ಎಲ್ಡನ್ ಕೊಟ್ಟ.

ಶನಿವಾರ ಬೆಳಿಗ್ಗೆ ತಂಡದ ಯಜಮಾನ ರೋಲ್ಯಾಂಡ್ ಕ್ರೇಬಿಲ್ ಫೋನ್ ಮಾಡಿದ. ಟ್ರ್ಯಾಕ್ಟರ್ ಮಾರುವವನಾದ್ದರಿಂದ ಅವನ ದನಿಯೂ ಟ್ರ್ಯಾಕ್ಟರಿನಂತೆಯೇ ಇತ್ತು. "ಏನಯ್ಯಾ ಎಲ್ಡನ್, ಮುಂದಿನ ವಾರ ಬರಬೇಕಿದ್ದ ತಂಡ ನಿನ್ನೆ ಮುಚ್ಚೋಯ್ತಂತೆ. ಅವರ ಬದ್ಲು ಸೈಕ್ಲೋನ್ಸ್ ತಂಡದವ್ರು ಇವತ್ತೇ ಬರ್ತಿದಾರೆ. ಏಳು ಗಂಟೆಗೆ ಪಂದ್ಯ. ಲೀಗಿನ ಅಧ್ಯಕ್ಷರೂ ಬರ್ತಾರೆ. ನೆಲ ಅಚ್ಚುಕಟ್ಟಾಗಿರ್ಬೇಕು!"

ಎಲ್ಡನ್‌ನ ಕೈಯಲ್ಲಿದ್ದ ಕಾಫಿ ಅಂಗಿಗೆ ಬಿತ್ತು.

ಗ್ಲೆಂಡಾಳ ಮನೆ ಮುಂದೆ ಎಂಬತ್ತು ಜನ ನೆರೆದಿದ್ದರು. ಹಸಿರು ಪಟ್ಟಿ ಗ್ಯಾರೇಜಿನ ಒಳಗೋಡೆಯಿಂದ ಹೊರಟು, ಅಂಗಳ ದಾಟಿ, ರಸ್ತೆಯವರೆಗೆ ಚಾಚಿತ್ತು. ಅತಿಥಿಗಳು ಅದರ ಮೇಲೆ ರಾಜಕುಮಾರರಂತೆ ನಡೆದು ಬರುತ್ತಿದ್ದರು.

"ಅಷ್ಟೇ ತಾನೆ? ತಗೊಂಡು ಹೋಗು" ಎಂದಳು ಗ್ಲೆಂಡಾ. "ಆದ್ರೆ ಮೇಜು ಮೊದ್ಲು ಎತ್ತು. ಅತ್ತೆ ಕುರ್ಚೀಲಿ ಮಲಗಿದಾರೆ, ಎಬ್ಬಿಸ್ಬೇಡ."

ಎಂಬತ್ತು ಜನರೂ ಸಹಾಯಕ್ಕೆ ನಿಂತರು. ಅದೇ ಕಷ್ಟವಾಯಿತು.

"ಈ ಕಡೆಯಿಂದ ಸುತ್ರಪ್ಪಾ!"

"ಆ ಕಡೆಯಿಂದ ಕಣ್ರೀ! ನಾನು ನಲವತ್ತು ವರ್ಷ ಹುಲ್ಲು ಸುತ್ತಿದೀನಿ!"

"ಅದು ಹುಲ್ಲು, ಇದು ಪ್ಲಾಸ್ಟಿಕ್ಕು!"

ಎರಡೂ ಕಡೆಯಿಂದ ಒಟ್ಟಿಗೆ ಸುತ್ತಿದ್ದರಿಂದ ನಡುವೆ ಮೇಜು ಸಿಕ್ಕಿಕೊಂಡಿತು. ಕೇಕು ಜಾರಿ, ಕೆಳಗೆ ಬಗ್ಗಿದ್ದ ಎಲ್ಡನ್‌ನ ತಲೆಯ ಮೇಲೆ ಕೂತಿತು. ಅತ್ತೆಯನ್ನು ಕುರ್ಚಿ ಸಮೇತ ಹೂದೋಟಕ್ಕೆ ಸಾಗಿಸಿದರು. ಅಲ್ಲೂ ಅವರಿಗೆ ಎಚ್ಚರವಾಗಲಿಲ್ಲ.

ರಸ್ತೆಯ ತುದಿ ತಲುಪಿದಾಗ ಎಲ್ಡನ್ ತಟ್ಟನೆ ನಿಂತ. ಅಂಚೆ ಪೆಟ್ಟಿಗೆಯ ಕಂಬ ಹಾಸಿನ ನಡುವಿನಿಂದಲೇ ಮೇಲೆದ್ದು ನಿಂತಿತ್ತು.

"ಕಂಬ ಅಡ್ಡ ಬಂತು ನೋಡು" ಎಂದ ಗ್ಲೆಂಡಾಳ ಗಂಡ ಮರ್ಲ್, ಒಳ್ಳೆಯ ಕೆಲಸ ಮಾಡಿದವನ ನಗೆ ನಗುತ್ತ. "ಅದಕ್ಕೆ ಚೌಕವಾಗಿ ತೂತು ಕೊಯ್ದೆ. ಎಷ್ಟು ನೀಟಾಗಿದೆ ಅಲ್ವಾ?"

ಕೊಯ್ದ ತುಂಡು ಎಲ್ಲಿ ಎಂದರೆ, ನಾಯಿ ಎತ್ತಿಕೊಂಡು ಹೋಗಿತ್ತು.

ಪಟ್ಟಿಯನ್ನು ಮರ್ಲ್‌ನ ಹುಲ್ಲುಗಾಡಿಗೆ ಹೇರಿಸಿ, ಎಲ್ಡನ್ ತನ್ನ ಮನೆಗೆ ಓಡಿದ. ಬಚ್ಚಲಮನೆಯಲ್ಲಿ ಹೆಂಡತಿಯ ಹಸಿರು ಕಾಲೊರಸು ಇತ್ತು. ಅಳತೆ ಹೇಳಿ ಮಾಡಿಸಿದಂತಿತ್ತು. ಅದನ್ನು ಕಂಕುಳಲ್ಲಿ ಇರುಕಿಕೊಂಡು ಹೊರಟ.

ಆರೂವರೆಗೆ ನೆಲ ಸಿದ್ಧವಾಯಿತು. ತೂತು ಬಂದದ್ದು ಮ್ಯೂಲ್ಸ್ ಕಾಯುವ ಗೆಲುವಿನ ಗೆರೆಯ ಹತ್ತಿರ. ಕಾಲೊರಸನ್ನು ಅಲ್ಲಿ ಕೂರಿಸಿ, ನಾಲ್ಕೂ ಅಂಚಿಗೆ ಟೇಪು ಅಂಟಿಸಿ, ಎಲ್ಡನ್ ಗೋಡೆಗೆ ಒರಗಿ ನಿಂತ. ಆ ಜಾಗ ಬಿಟ್ಟು ಅವನ ಕಣ್ಣು ಎಲ್ಲೂ ಹೋಗಲಿಲ್ಲ.

ಅವತ್ತು ಹೇಸರಗತ್ತೆಗಳಿಗೆ ಏನು ಬಂದಿತ್ತೋ, ಕುದುರೆಗಳಂತೆ ಆಡಿದವು. ಕೊನೆಯ ಹತ್ತು ಸೆಕೆಂಡಿಗೆ ಎರಡು ಅಂಕ ಮುಂದಿದ್ದವು. ಆಗ ಸೈಕ್ಲೋನ್ಸ್‌ನ ಭಾರೀ ಓಟಗಾರನ ಕೈಗೆ ಚೆಂಡು ಸಿಕ್ಕಿತು. ಬೀರುವಿಗೆ ಕಾಲು ಬಂದಂತಿದ್ದ ಅವನು ಮೂವರನ್ನು ಬದಿಗೆ ನೂಕಿ, ಗೆಲುವಿನ ಗೆರೆಯತ್ತ ನುಗ್ಗಿ, ಸರಿಯಾಗಿ ಕಾಲೊರಸಿನ ಮೇಲೆ ಹೆಜ್ಜೆ ಇಟ್ಟ.

ಟೇಪು ಕಿತ್ತುಬಂತು. ಓಟಗಾರ ಕಾಲೊರಸಿನ ಸಮೇತ ಜಾರಿ, ಮೆತ್ತೆಯ ಗೋಡೆ ಹಾರಿ, ಎರಡನೇ ಸಾಲಿನಲ್ಲಿದ್ದ ಪಾದ್ರಿಯ ತೊಡೆಯ ಮೇಲೆ ಕೂತ. ಚೆಂಡು ಮೈದಾನದಲ್ಲೇ ಉಳಿದು ಮ್ಯೂಲ್ಸ್ ಕೈಗೆ ಸಿಕ್ಕಿತು. ಗಂಟೆ ಹೊಡೆಯಿತು. ಮೊದಲ ಗೆಲುವು!

ಊರಿಗೆ ಊರೇ ಗೋಡೆ ಹಾರಿ ಒಳಗೆ ಧುಮುಕಿತು. ಆ ಗದ್ದಲದಲ್ಲಿ ಎಲ್ಡನ್ ಗೋಡೆಯ ಬುಡದಲ್ಲಿ ಬಿದ್ದಿದ್ದ ಕಾಲೊರಸನ್ನು ಅಂಗಿಯೊಳಗೆ ತುರುಕಿಕೊಂಡು, ತೂತಿನ ಮೇಲೆ ನಿಂತುಬಿಟ್ಟ. ಯಾರೂ ನೋಡಲಿಲ್ಲ.

ಅಷ್ಟರಲ್ಲಿ ಲೀಗಿನ ಅಧ್ಯಕ್ಷ ವಿಟ್‌ಕೊಂಬ್ ಗಂಭೀರವಾಗಿ ಅವನತ್ತಲೇ ನಡೆದು ಬಂದ. ಹಿಂದೆಯೇ ಆನಂದಬಾಷ್ಪ ಸುರಿಸುತ್ತ ರೋಲ್ಯಾಂಡ್.

"ಈ ನೆಲ ಹಾಸಿದ್ದು ನೀವೇನಾ?" ವಿಟ್‌ಕೊಂಬ್ ಕೇಳಿದ.

"ತಪ್ಪಾಯ್ತು ಸಾರ್! ಗ್ಲೆಂಡಾ ಕೇಳಿದ್ಲು ಅಂತ ಕೊಟ್ಟೆ, ಮರ್ಲ್ ತೂತು ಕೊಯ್ದ, ತುಂಡನ್ನ ನಾಯಿ ಎತ್ಕೊಂಡು ಹೋಯ್ತು, ನಾನು ಬಚ್ಚಲಮನೆ ಕಾಲೊರಸು ಹಾಕ್ದೆ, ಅವನು ಜಾರಿದ್ದು ಇದರ ಮೇಲೇ!" ಎಂದು ಎಲ್ಡನ್ ಒಂದೇ ಉಸಿರಿಗೆ ಒದರಿ, ಅಂಗಿಯೊಳಗಿಂದ ಕಾಲೊರಸನ್ನು ಎಳೆದು ಮುಂದೆ ಹಿಡಿದ.

ವಿಟ್‌ಕೊಂಬ್ ಅದನ್ನು ಎರಡು ಬೆರಳಲ್ಲಿ ಎತ್ತಿ ತಿರುಗಿಸಿ ನೋಡಿದ.

"ನಾನು ಅದನ್ನ ಕೇಳ್ಲೇ ಇಲ್ವಲ್ಲಾ" ಎಂದ. "ಈ ಸೀಸನ್ನಿನ ಅತ್ಯುತ್ತಮ ಮೈದಾನ ನಿಮ್ದೇ ಅಂತ ಫಲಕ ಕೊಡೋಕೆ ಬಂದಿದ್ದೆ. ಈಗ ಕೇಳಿದ್ದನ್ನ ಕೇಳಿಲ್ಲ ಅನ್ನೋದು ಹೇಗೆ? ಗೆಲುವು ರದ್ದು. ನಾಳೆ ಎರಡು ಗಂಟೆಗೆ ಮತ್ತೆ ಆಡಿ."

ರೋಲ್ಯಾಂಡ್‌ನ ಆನಂದಬಾಷ್ಪ ಬಾಷ್ಪವಾಗಿಯೇ ಉಳಿಯಿತು, ಆನಂದ ಮಾತ್ರ ಹೊರಟುಹೋಯಿತು. "ಎಲ್ಡನ್," ಎಂದ ಅವನು ಮೆಲ್ಲಗೆ, "ಬಾಗಿಲ ಕಡೆ ಓಡೋಕೆ ಶುರು ಮಾಡು. ನಾನು ಹತ್ತರವರೆಗೆ ಎಣಿಸ್ತೀನಿ."

"ಒಂದ್ನಿಮಿಷ" ಎಂದು ವಿಟ್‌ಕೊಂಬ್ ತಡೆದ. ಚೀಲದಿಂದ ಹೊಳೆಯುವ ಫಲಕವೊಂದನ್ನು ತೆಗೆದು ಎಲ್ಡನ್‌ನ ಕೈಗಿತ್ತ. "ಇದನ್ನಾದ್ರೂ ತಗೊಳ್ಳಿ. ನಿಮ್ಮ ಹೆಸರು ಕೆತ್ತಿಸಿ ಆಗಿದೆ, ಬೇರೆ ಯಾರಿಗೂ ಕೊಡೋ ಹಾಗಿಲ್ಲ. ಮನೇಲಿಟ್ಕೊಳ್ಳಿ. ಯಾರಿಗೂ ತೋರಿಸ್ಬೇಡಿ."

ಎಲ್ಡನ್ ಪೆನ್ನರ್ ತೋಳಿನಿಂದ ಕಣ್ಣೊರೆಸಿಕೊಂಡು ಫಲಕ ಓದಿದ. ಚಿನ್ನದ ಅಕ್ಷರಗಳಲ್ಲಿ ಅಂದವಾಗಿ ಕೆತ್ತಿತ್ತು: 'ಆಲ್ವಿನ್ ಬೆನ್ನರ್'.